ಕೆರೆಯಂಗಳದಲ್ಲಿ ಹರಳೆಣ್ಣೆ ಹೊಗೆ

ಏಪ್ರಿಲ್ ಬೆಳಗಿನ ಆರೂವರೆ. ಸಿದ್ದರಬೆಟ್ಟದ ನೆತ್ತಿಗಷ್ಟೇ ಬಿಸಿಲು ಬಿದ್ದಿದೆ. ತಪ್ಪಲಿನ ಕೆರೆಯಂಗಳ ಇನ್ನೂ ನೆರಳಿನಲ್ಲಿದೆ. ಗವಿಯ ಸಿದ್ದೇಶ್ವರನ ದರ್ಶನಕ್ಕೆ ಹತ್ತುತ್ತಿರುವವರ ಮಾತು ಬಿಟ್ಟುಬಿಟ್ಟು ಕೇಳುತ್ತದೆ. ನೀವು ನಿಂತಿರುವ ನೆಲ ಒಣಗಿ ಬಿರಿದಿದೆ. ಪುಟಾಣಿ ಗಾಲಿ ಬಿರುಕಿಗೆ ಸಿಕ್ಕದಿರಲೆಂದು ನೂರು ಹೆಜ್ಜೆಯಷ್ಟು ಉದ್ದಕ್ಕೆ ಮಣ್ಣು ತುಂಬಿ ಗುಡಿಸಿಟ್ಟಿದ್ದಾರೆ.

ಗೋಣಿಚೀಲದ ಮೇಲೆ ವಿಮಾನ ಕೂತಿದೆ. ಹಗುರ ಬಾಲ್ಸಾ ಮರದ್ದು, ಐದಡಿ ರೆಕ್ಕೆ, ಎಲ್ಲ ಸೇರಿ ಎರಡೂವರೆ ಕೆಜಿಯೊಳಗೆ ಇರಬೇಕು. ಮೂತಿ ಮಾತ್ರ ಬೋಳು. ಪಕ್ಕದ ಟವೆಲ್ ಮೇಲೆ ಮೂರು ಎಂಜಿನ್: 4 ಸಿಸಿ, 7.5 ಸಿಸಿ, 10 ಸಿಸಿ.

'ಮಾವ, ದೊಡ್ಡದನ್ನೇ ಹಾಕಾನ. ಪವರ್ ಜಾಸ್ತಿ ಇದ್ರೆ ಲಾಸೇನು?' ಹುಡುಗನ ಪ್ರಶ್ನೆ.

ಮಾವ ಉತ್ತರಿಸುವುದಿಲ್ಲ. ದೊಡ್ಡ ಎಂಜಿನ್ನನ್ನು ಮೂತಿಗೆ ಕಟ್ಟಿ, ರೆಕ್ಕೆಯ ಅಡಿಗೆ, ಮುಂದಿನಂಚಿನಿಂದ ಕಾಲು ಭಾಗ ಹಿಂದೆ, ಎರಡು ಬೆರಳು ಕೊಟ್ಟು ಎತ್ತುತ್ತಾರೆ. ವಿಮಾನ ಮೂತಿ ಇಳಿಬಿಟ್ಟು ನೆಲ ಮೂಸುತ್ತದೆ.

'ನೋಡ್ದಾ? ಈಗ ಬಾಲಕ್ಕೆ ಸೀಸ ಕಟ್ಬೇಕು. ಸೀಸ ಹಾರ್ಸಕ್ಕೇನೋ ನಾವು ಬಂದಿರೋದು?'

ಇಲ್ಲಿಂದ ಶಿರಾ, ಹಿರಿಯೂರು ದಾಟಿದರೆ ಚಳ್ಳಕೆರೆ. 2016ರ ನವೆಂಬರಿನಲ್ಲಿ ಅಲ್ಲಿನ ಡಿಆರ್‌ಡಿಒ ಬಯಲಿನಿಂದ ಮೊದಲ ಸಲ ಹಾರಿದ ರುಸ್ತುಂ-2 ಡ್ರೋನ್, ಮುಂದೆ ತಪಸ್ ಎನಿಸಿಕೊಂಡದ್ದು, ಇದೇ ತಕ್ಕಡಿಯಲ್ಲಿ ಸೋತಿತು. ತೂಕ ಲೆಕ್ಕ ಮೀರಿತು; 30,000 ಅಡಿ ಎತ್ತರ, 24 ಗಂಟೆ ಹಾರಾಟದ ಗುರಿ ಕೈಗೆಟುಕಲಿಲ್ಲ. ವಿಜ್ಞಾನಿಗಳಿಗೇ ಹಾಗಾದಮೇಲೆ ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗನನ್ನು ಬೈದು ಫಲವಿಲ್ಲ.

4 ಸಿಸಿಯದಕ್ಕೆ ಉಲ್ಟಾ ರೋಗ. ಮೂತಿ ಹಗುರ, ಬಾಲ ಭಾರ. ಸೀಸ ಈಗ ಮುಂದಕ್ಕೆ ಬೇಕು. ಸಾಲದ್ದಕ್ಕೆ ಇದು ಏಳುನೂರು ಮೀಟರಿಗೂ ಎತ್ತರದ ಸೀಮೆ. ಸಮುದ್ರಮಟ್ಟದಲ್ಲಿ ಸಿಗುವ ಶಕ್ತಿಯಲ್ಲಿ ನೂರಕ್ಕೆ ಏಳರಷ್ಟನ್ನು ಇಲ್ಲಿನ ತೆಳುಗಾಳಿಯೇ ನುಂಗಿಬಿಡುತ್ತದೆ. ಬಂಡೆ ಕಾದಮೇಲೆ ಇನ್ನಷ್ಟು.

'ಬ್ಯಾಟ್ರಿ ಮೋಟರ್ರೇ ಹಾಕ್ಬೋದಿತ್ತಲ್ಲ?'

ಹಾಕಬಹುದಿತ್ತು. ಕೆಜಿಗೆ ನೂರೆಂಬತ್ತು ವ್ಯಾಟ್ ಹಿಡಿದರೂ ನಾಲ್ಕು ಸೆಲ್ಲಿನ ಲೀಪೋ ಬ್ಯಾಟರಿ ಸಾಕು, ಸದ್ದಿಲ್ಲ, ಜಿಡ್ಡಿಲ್ಲ. ಹೊಸದಾಗಿ ಕಲಿಯುವವರು ನನ್ನನ್ನು ಕೇಳಿದರೆ ನಾನು ಹೇಳುವುದೂ ಅದನ್ನೇ. ಆದರೆ ಹತ್ತು ನಿಮಿಷ ಹಾರಿಸಿ ಒಂದು ಗಂಟೆ ಚಾರ್ಜಿಗೆ ಕಾಯಬೇಕು, ಕೆರೆಯಂಗಳದಲ್ಲಿ ಕರೆಂಟ್ ಎಲ್ಲಿಂದ ಬರಬೇಕು? ಇಂಧನವಾದರೆ ಕ್ಯಾನಿನಿಂದ ಸುರಿದುಕೊಂಡರಾಯಿತು.

ಕೊನೆಗೆ 7.5 ಸಿಸಿಯೇ. ಸೈಲೆನ್ಸರ್ ಸೇರಿ ಅರ್ಧ ಕೆಜಿ. ಬೆರಳ ಮೇಲೆ ವಿಮಾನ ಅಲುಗದೆ ನಿಲ್ಲುತ್ತದೆ. ಹನ್ನೊಂದು ಇಂಚು ಉದ್ದದ, ಆರು ಇಂಚು ಪಿಚ್ಚಿನ ಫ್ಯಾನ್ ಏರುತ್ತದೆ. ಟ್ಯಾಂಕಿಗೆ ಇಳಿಯುವ ಇಂಧನದಲ್ಲಿ ನೂರಕ್ಕೆ ಎಂಬತ್ತು ಮೆಥನಾಲ್, ಇಪ್ಪತ್ತು ಹರಳೆಣ್ಣೆ. ಈ ಸೀಮೆಯ ಕಡ್ಲೆಕಾಯಿ ಹೊಲದಂಚಿನಲ್ಲಿ ನಿಂತಿರುವ ಅದೇ ಹರಳು. ನೀವು ಸ್ವಲ್ಪ ಹಿಂದೆ ಸರಿಯಿರಿ. ಮೆಥನಾಲ್ ಹೊತ್ತಿಕೊಂಡರೆ ಹಗಲಲ್ಲಿ ಉರಿ ಕಣ್ಣಿಗೆ ಕಾಣುವುದಿಲ್ಲ.

ಒಂದೂವರೆ ವೋಲ್ಟಿನ ಬ್ಯಾಟರಿ ಸೋಕಿಸಿದಾಗ ಪ್ಲಗ್ಗಿನೊಳಗಿನ ಪ್ಲಾಟಿನಂ ತಂತಿ ಕೆಂಪಗಾಗುತ್ತದೆ. ಮಾವ ಕೋಲಿನಿಂದ ಫ್ಯಾನಿಗೆ ತಟ್ಟುತ್ತಾರೆ, ಬೆರಳಿನಿಂದ ಎಂದೂ ಇಲ್ಲ. ಮೂರನೇ ಏಟಿಗೆ ಹತ್ತಿಕೊಂಡು ಕಿರುಚುತ್ತದೆ. ಬ್ಯಾಟರಿ ತೆಗೆದರೂ ನಿಲ್ಲುವುದಿಲ್ಲ. ಮೆಥನಾಲ್ ಆವಿಯೂ ಪ್ಲಾಟಿನಮ್ಮೂ ಸೇರಿ ತಂತಿಯನ್ನು ಕೆಂಡವಾಗಿಯೇ ಇಟ್ಟಿರುತ್ತವೆ. ಸುಟ್ಟ ಹರಳೆಣ್ಣೆಯ ಸಿಹಿಗಮಟು ಮೂಗಿಗೆ ಅಡರುತ್ತದೆ. ಕುರಿ ಬಿಟ್ಟುಕೊಂಡು ಬಂದವರೊಬ್ಬರು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂರುತ್ತಾರೆ.

ಮಾವ ರಿಮೋಟಿನ ಕಡೆ ತಿರುಗಿದ್ದಾಗ ಹುಡುಗನ ಬೆರಳು ಸೂಜಿತಿರುಪಿನ ಮೇಲೆ ಹೋದದ್ದನ್ನು ನೀವು ನೋಡಿದಿರಿ. ಎರಡು ಕಟಕು ಒಳಕ್ಕೆ. ಇಂಧನ ಕಮ್ಮಿ, ಕೂಗು ಜಾಸ್ತಿ.

ಮೂವತ್ತು ಹೆಜ್ಜೆ ಓಡಿ ವಿಮಾನ ನೆಲ ಬಿಡುತ್ತದೆ. ಬೆಟ್ಟದತ್ತ ಮೂತಿ ಎತ್ತಿ ಏರುತ್ತದೆ, ಎರಡು ಸುತ್ತು ಹಾಕುತ್ತದೆ, ಮೂರನೆಯದರ ಏರಿಕೆಯಲ್ಲಿ ಸದ್ದು ಕತ್ತರಿಸಿದಂತೆ ನಿಂತುಹೋಗುತ್ತದೆ. ಈಗ ರೆಕ್ಕೆಯ ಮೇಲೆ ಗಾಳಿ ಉಜ್ಜುವುದಷ್ಟೇ ಕೇಳುತ್ತದೆ. ಹುಡುಗನ ಮುಖ ಬಿಳಿಚಿಕೊಂಡಿದೆ. ಮಾವ ಮೂತಿಯನ್ನು ಕೊಂಚ ಇಳಿಸಿ, ಅಗಲವಾಗಿ ತಿರುಗಿಸಿ, ಅವಸರವಿಲ್ಲದೆ ತೇಲಿಸಿಕೊಂಡು ಬಂದು ಪಟ್ಟಿಯ ಆಚೆ ತುದಿಗೆ ಇಳಿಸುತ್ತಾರೆ. ಸೀಸ ಹೊತ್ತಿದ್ದರೆ ಅಷ್ಟು ನಿಧಾನವಾಗಿ ಇಳಿಯುತ್ತಿರಲಿಲ್ಲ.

'ಕೆಟ್ಟೋಯ್ತೇನಣ್ಣ?' ಏರಿಯಿಂದ ಕೂಗು.

'ಇಲ್ಲ ಕಣಣ್ಣ, ಎಣ್ಣೆ ಸಾಲ್ಲಿಲ್ಲ.'

ಹುಡುಗ ಏನೂ ಹೇಳದೆ ಕೂತು ಸೂಜಿಯನ್ನು ಎರಡು ಕಟಕು ಹೊರಕ್ಕೆ ತಿರುಗಿಸುತ್ತಾನೆ. ಟ್ಯಾಂಕಿನಲ್ಲಿ ಇನ್ನೂ ಮುಕ್ಕಾಲು ಪಾಲು ಇಂಧನ ಇದೆ.