ಮರಳುವ ಹಾದಿ

ಪ್ರವಾಸಕ್ಕೆ ಹೊರಟವನಿಗೆ ಪ್ರತಿಯೊಂದು ಮೈಲಿಗಲ್ಲೂ ಹೊಸದಾಗಿ ಕಾಣುತ್ತದೆ. ಮನೆಗೆ ಮರಳುವವನಿಗೆ ಅದೇ ಕಲ್ಲು ಕಳೆಯಬೇಕಾದ ಒಂದು ಲೆಕ್ಕ ಮಾತ್ರ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ಅವರ ಅನುಭವವೂ ಇಂಥದೇ ಆಗಿತ್ತು. ಆದರೆ ಅವರ ಜೊತೆಯಲ್ಲಿ ಒಂದು ನಾಯಿಯಿತ್ತು.

1960ರ ಸೆಪ್ಟೆಂಬರಿನಲ್ಲಿ, ತಮ್ಮ 58ನೆಯ ವಯಸ್ಸಿನಲ್ಲಿ, ಅವರು ಸ್ಯಾಗ್ ಹಾರ್ಬರಿನ ಮನೆಯಿಂದ ದೇಶ ಸುತ್ತಲು ಹೊರಟರು. ಆರೋಗ್ಯ ಅಷ್ಟೇನೂ ಚೆನ್ನಾಗಿರಲಿಲ್ಲ. ಟ್ರಕ್ಕೊಂದರ ಮೇಲೆ ಹಾಸಿಗೆ, ಒಲೆಗಳುಳ್ಳ ಪುಟ್ಟ ಕೋಣೆಯನ್ನು ಕೂರಿಸಿ, ಅದಕ್ಕೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯಾದ ರೊಸಿನಾಂಟೆಯ ಹೆಸರನ್ನು ಇಟ್ಟಿದ್ದರು. ಸಂಗಾತಿಯೆಂದರೆ ಚಾರ್ಲಿ ಎಂಬ ಪೂಡಲ್ ಜಾತಿಯ ಮುದಿ ನಾಯಿ. ಪಶ್ಚಿಮದ ಕಡಲನ್ನು ಕಂಡು, ತಾವು ಹುಟ್ಟಿ ಬೆಳೆದ ಸಲಿನಾಸ್ ಸೀಮೆಯನ್ನು ನೋಡಿಕೊಂಡು, ಚಳಿಗಾಲದ ಹೊಸ್ತಿಲಲ್ಲಿ ಪೂರ್ವಕ್ಕೆ ತಿರುಗಿದಾಗ ಅವರಿಗೆ ಎದುರಾದದ್ದು ಮೊಹಾವೆ ಮರುಭೂಮಿ.

ಆ ನೆಲ ಅವರ ಲೇಖನಿಗೆ ಅಪರಿಚಿತವಲ್ಲ. 1939ರಲ್ಲಿ ಪ್ರಕಟವಾದ ಅವರ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಲ್ಲಿ, ಹೊಲ ಕಳೆದುಕೊಂಡ ರೈತ ಕುಟುಂಬವೊಂದು ಹಳೆಯ ಟ್ರಕ್ಕಿನಲ್ಲಿ ರಾತ್ರೋರಾತ್ರಿ ಇದೇ ಮರುಭೂಮಿಯನ್ನು ದಾಟುತ್ತದೆ. ಅವರ ನಾಯಿ ಮೊದಲೇ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿರುತ್ತದೆ. ಮನೆಯ ಅಜ್ಜಿ ಈ ಬಯಲಿನ ನಡುವೆ ಕೊನೆಯುಸಿರೆಳೆಯುತ್ತಾಳೆ. ಅವರು ಅನ್ನವನ್ನು ಅರಸಿ ಪಶ್ಚಿಮಕ್ಕೆ ಹೋದವರು. ಇಪ್ಪತ್ತೊಂದು ವರ್ಷಗಳ ತರುವಾಯ ಅವರ ಕಥೆಗಾರರು ಮನೆಯನ್ನು ನೆನೆಯುತ್ತ ಪೂರ್ವಕ್ಕೆ ಧಾವಿಸುತ್ತಿದ್ದರು.

ಮರುಭೂಮಿಯಲ್ಲಿ ರಾತ್ರಿಯ ಚಳಿ ಎಷ್ಟಿದ್ದರೂ ಹಗಲಿನ ಬಿಸಿಲು ಬಿಸಿಲೇ. ನಾಯಿಗೆ ಮನುಷ್ಯನಂತೆ ಮೈತುಂಬ ಬೆವರುವ ಅನುಕೂಲವಿಲ್ಲ. ಒಡಲ ಬೇಗೆಯನ್ನು ಅದು ಮುಖ್ಯವಾಗಿ ನಾಲಿಗೆ ಚಾಚಿ, ಏದುಸಿರಿನ ಮೂಲಕವೇ ಕಳೆದುಕೊಳ್ಳಬೇಕು. ಚಾರ್ಲಿ ಏದುತ್ತಿದ್ದುದನ್ನು ಕಂಡು ಸ್ಟೈನ್‌ಬೆಕ್ ರಸ್ತೆ ಬಿಟ್ಟು ಒಂದು ಕೊರಕಲಿನಲ್ಲಿ ಟ್ರಕ್ಕನ್ನು ನಿಲ್ಲಿಸಿದರು. ಅದರಲ್ಲಿ ಸುಮಾರು 110 ಲೀಟರ್ ಹಿಡಿಯುವ ನೀರಿನ ತೊಟ್ಟಿಯಿತ್ತು. ಕುಡಿಸುವ ಮೊದಲು ನಾಯಿಯ ಮೈಮೇಲೆ ನೀರು ಹೊಯ್ದರು, ತಾವೂ ಹೊಯ್ದುಕೊಂಡರು. ಆ ಒಣಗಾಳಿಯಲ್ಲಿ ನೀರು ಥಟ್ಟನೆ ಆವಿಯಾಗಿ ಮೈಯೆಲ್ಲ ತಣ್ಣಗಾಯಿತು. ಮಣ್ಣಿನ ಹೂಜಿಯ ನೀರು ಬೇಸಗೆಯಲ್ಲಿ ತಂಪಾಗುವುದೂ ಇದೇ ಬಗೆಯಿಂದ.

ನೆರಳಿನಲ್ಲಿ ಕುಳಿತಿದ್ದಾಗ ಎದುರಿಗೆ ಎರಡು ಕಯೋಟಿಗಳು ಕಂಡವು. ಇವು ತೋಳದ ಬಳಗದ ಕಾಡುಪ್ರಾಣಿಗಳು. ಮರಳಿನ ಬಣ್ಣದಲ್ಲಿ ಕರಗಿಹೋಗುವಂಥವು. ಸ್ಟೈನ್‌ಬೆಕ್ ಮೆಲ್ಲನೆ ಕೋವಿಯನ್ನು ತೆಗೆದು ಗುರಿಯಿಟ್ಟರು. ಕೋಳಿ ಕದಿಯುವ ಈ ಪ್ರಾಣಿಯನ್ನು ಕಂಡಲ್ಲಿ ಕೊಲ್ಲಬೇಕೆಂಬುದು ಅವರು ಬಾಲ್ಯದಿಂದ ಕಲಿತ ಪಾಠ. ಆದರೆ ಬೆರಳು ಬಿಲ್ಲನ್ನು ಎಳೆಯಲಿಲ್ಲ. ಸುತ್ತಮುತ್ತ ಎಲ್ಲಿಯೂ ಕೋಳಿಗಳಿಲ್ಲ. ಇದ್ದರೂ ಅವು ತಮ್ಮವಲ್ಲ ಎಂಬ ಯೋಚನೆ ಬಂದಿತು. ಕೋವಿಯನ್ನು ಕೆಳಗಿಟ್ಟರು. ಹೊರಡುವ ಮುನ್ನ ಚಾರ್ಲಿಯ ಆಹಾರದ ಎರಡು ಡಬ್ಬಗಳನ್ನು ತೆರೆದು, ಹರಕೆಯೊಪ್ಪಿಸುವಂತೆ ಅಲ್ಲಿಯೇ ಬಿಟ್ಟರು.

ಈ ಪ್ರವಾಸವನ್ನು ಕುರಿತ ‘ಟ್ರಾವೆಲ್ಸ್ ವಿತ್ ಚಾರ್ಲಿ’ 1962ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅವರಿಗೆ ನೊಬೆಲ್ ಪ್ರಶಸ್ತಿಯೂ ದೊರೆಯಿತು. ಗ್ರಂಥದ ಕೆಲವು ಪ್ರಸಂಗಗಳಲ್ಲಿ ಕಲ್ಪನೆ ಬೆರೆತಿದೆಯೆಂದು ಆಮೇಲೆ ಕೆಲವರು ಆಕ್ಷೇಪಿಸಿದ್ದಾರೆ. ಕಾದಂಬರಿಕಾರನ ಕೈಯಲ್ಲಿ ಅದು ಸಹಜವೆನ್ನಬೇಕು. ಆದರೆ ನಾಯಿಗೆ ಬಾಯಾರದಿದ್ದರೆ ಟ್ರಕ್ಕು ಆ ಕೊರಕಲಿನಲ್ಲಿ ನಿಲ್ಲುತ್ತಿರಲಿಲ್ಲ ಎಂಬುದರಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಮುಂದೆ ವರ್ಜೀನಿಯದ ಅಬಿಂಗ್ಡನ್ ಸಮೀಪಿಸುವಾಗ ಅವರ ಮನಸ್ಸಿನ ಪಯಣ ಮುಗಿದೇಹೋಯಿತು. ಆಮೇಲಿನ ಹಾದಿಯಲ್ಲಿ ಕಂಡದ್ದು ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ನ್ಯೂಯಾರ್ಕಿನ ಸಂಜೆಯ ವಾಹನಸಂದಣಿಯಲ್ಲಿ ಸಿಕ್ಕಿಕೊಂಡಾಗ ರಸ್ತೆಯ ಪಕ್ಕಕ್ಕೆ ಟ್ರಕ್ಕನ್ನು ನಿಲ್ಲಿಸಿ ನಗತೊಡಗಿದರು. ಬೆಟ್ಟ, ಬಯಲು, ಮರುಭೂಮಿಗಳನ್ನೆಲ್ಲ ದಾಟಿ ಬಂದವರು ತಮ್ಮದೇ ಊರಿನಲ್ಲಿ ದಾರಿ ತಪ್ಪಿದ್ದರು. ವಿಚಾರಿಸಲು ಬಂದ ಪೊಲೀಸಿನವನು, ತಾನೂ ಮೊನ್ನೆ ಶನಿವಾರ ಬ್ರೂಕ್ಲಿನ್ನಿನಲ್ಲಿ ದಾರಿ ತಪ್ಪಿದುದಾಗಿ ಹೇಳಿ, ಅವರು ಎಲ್ಲಿಗೆ ಹೋಗಬೇಕೆಂದು ಕೇಳಿದನು.