ನಡುಗಡ್ಡೆಯ ಪ್ರವಾಸ

ಪ್ರವಾಸ ಹೋಗಿಬರುವುದಕ್ಕಿಂತ ಪ್ರವಾಸದ ಯೋಜನೆ ಹಾಕುವ ಕೆಲಸವೇ ಹೆಚ್ಚು ದಿನ ನಡೆಯುತ್ತದೆ. ಅದರಲ್ಲಿ ಮಾತು ಹೆಚ್ಚು, ಖರ್ಚು ಕಡಿಮೆ. ನಮ್ಮ ಮನೆಯಲ್ಲಿ ಕಳೆದ ದೀಪಾವಳಿಯಿಂದ ಇಂಥದೊಂದು ಯೋಜನೆ ನಡೆದಿದೆ. ನಮ್ಮದು ಕುಷ್ಟಗಿ, ತಮ್ಮನ ಸಂಸಾರ ಇರುವುದು ಬೆಂಗಳೂರಿನಲ್ಲಿ. ಎರಡೂ ಸಂಸಾರಗಳು ಒಟ್ಟುಗೂಡಿ, ಎಂಬತ್ತರ ಸಮೀಪಕ್ಕೆ ಬಂದಿರುವ ಅವ್ವನನ್ನೂ ಕರೆದುಕೊಂಡು, ನಾಲ್ಕು ದಿನ ಎಲ್ಲಿಗಾದರೂ ಹೋಗಿಬರಬೇಕೆಂಬುದು ಎಲ್ಲರ ಅಪೇಕ್ಷೆ. ಎಲ್ಲಿಗೆ ಎಂಬುದಕ್ಕೆ ತಮ್ಮನ ಮಗನು ಒಂದೇ ಮಾತಿನಲ್ಲಿ ಉತ್ತರ ಕೊಟ್ಟನು: “ದೊಡ್ಡಪ್ಪಾ, ಯಾವುದಾದರೂ ದ್ವೀಪಕ್ಕೆ ಹೋಗೋಣ.”

ಅವನು ಕೈಯಲ್ಲಿದ್ದ ಫೋನಿನಲ್ಲಿ ಒಂದಾದ ಮೇಲೊಂದು ಚಿತ್ರ ತೋರಿಸತೊಡಗಿದನು. ಮೊದಲು ಮಾಲ್ಡೀವ್ಸ್. ಸುಮಾರು 1,200 ಹವಳದ ದ್ವೀಪಗಳ ಆ ದೇಶದಲ್ಲಿ ನೆಲದ ಬಹುಪಾಲು ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರುಗಳಷ್ಟೇ ಎತ್ತರದಲ್ಲಿದೆ. ಅಲ್ಲಿ ನೀರಿನ ಮೇಲೆಯೇ ಕಂಬ ನೆಟ್ಟು ಕಟ್ಟಿದ ರೆಸಾರ್ಟುಗಳಿವೆ. ಆಮೇಲೆ ಲಕ್ಷದ್ವೀಪ. ಅಲ್ಲಿರುವ 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಹೊರಗಿನವರು ಹೋಗಬೇಕಾದರೆ ಮೊದಲೇ ಅನುಮತಿ ಪಡೆಯಬೇಕು. ಹಡಗು ಹೊರಡುವುದು ಕೊಚ್ಚಿಯಿಂದ. ಕೊನೆಗೆ ಅಂಡಮಾನ್. ಅದರ ರಾಜಧಾನಿ ಪೋರ್ಟ್ ಬ್ಲೇರ್ ಎಂದು ನಾವು ಓದಿದ್ದೆವು. 2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂಬ ಹೆಸರಾಯಿತೆಂದು ಹುಡುಗನೇ ನನಗೆ ತಿಳಿಸಿದನು. ದಾರಿಯೂ ಈಗ ಸುಲಭವಾಗಿದೆಯೆಂಬುದು ಅವನ ವಾದ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿತಲ್ಲವೆ? ಯಲಬುರ್ಗಾ, ಕುಕನೂರು ದಾಟಿ ಹುಬ್ಬಳ್ಳಿ ಸೇರಿದರೆ ಮುಂದೆ ವಿಮಾನ. ರೈಲನ್ನು ಚಿತ್ರದಲ್ಲಿ ನೋಡುತ್ತ ಬೆಳೆದ ನಮ್ಮೂರಿನವರಿಗೆ ಮನೆಯ ಹತ್ತಿರವೇ ರೈಲು ಹತ್ತಿ ಕಡಲಿನ ಕಡೆ ಹೊರಡುವ ಮಾತು ಅಷ್ಟಿಷ್ಟು ಆಸೆ ಹುಟ್ಟಿಸುವಂಥದಲ್ಲ.

“ಉಷ್ಣವಲಯದ ದ್ವೀಪ” ಎಂಬ ಮಾತನ್ನು ಅವನು ಮೇಲಿಂದ ಮೇಲೆ ಹೇಳುತ್ತಿದ್ದನು. ನನಗೆ ನಗು ಬಂದಿತು. ಭೂಪಟವನ್ನು ತೆರೆದು ನೋಡಿದರೆ ಕರ್ಕಾಟಕ ಸಂಕ್ರಾಂತಿ ವೃತ್ತವು ನಮಗಿಂತ ಬಹಳ ಉತ್ತರಕ್ಕೆ, ಇಪ್ಪತ್ತಮೂರೂವರೆ ಡಿಗ್ರಿಯಲ್ಲಿ ಹಾದುಹೋಗುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಹದಿನೈದು ಡಿಗ್ರಿಯ ಆಚೀಚೆ ಇವೆ. ಎಂದಮೇಲೆ ನಾವು ಹುಟ್ಟಿನಿಂದಲೇ ಉಷ್ಣವಲಯದವರು. ಏಪ್ರಿಲ್ ತಿಂಗಳಲ್ಲಿ ನಮ್ಮ ಎರೆಹೊಲಗಳು ಬಾಯಿ ಬಿಟ್ಟಾಗ ಉಷ್ಣಕ್ಕಾಗಿ ಹಣ ಕೊಟ್ಟು ಹೊರದೇಶಕ್ಕೆ ಹೋಗಬೇಕೆಂದು ಯಾರಿಗೂ ಅನ್ನಿಸದು. ನಮಗೆ ಕೊರತೆಯಿರುವುದು ದ್ವೀಪದ್ದು, ಅಂದರೆ ನೀರಿನದು.

ಅವ್ವ ಅಷ್ಟು ಹೊತ್ತು ಶೇಂಗಾ ಸುಲಿಯುತ್ತ ಸುಮ್ಮನೆ ಕುಳಿತಿದ್ದಳು. ಚಿತ್ರಗಳನ್ನೆಲ್ಲ ನೋಡಿ, “ತಮ್ಮಾ, ಅಲ್ಲಿ ಕುಡಿಯೂ ನೀರು ಎಲ್ಲಿಂದ ತರ್ತಾರ?” ಎಂದು ಕೇಳಿದಳು. ಕಡಲಿನ ಉಪ್ಪುನೀರನ್ನು ಯಂತ್ರದಿಂದ ಸಿಹಿಯಾಗಿಸುತ್ತಾರೆಂದು ಹುಡುಗ ವಿವರಿಸಿದನು. “ಹಂಗಾದ್ರ ಅಲ್ಲೂ ನೀರಿನ ತ್ರಾಸ ಐತಿ ಅನ್ನು” ಎಂದು ಅವ್ವ ಮತ್ತೆ ಶೇಂಗಾ ಸುಲಿಯತೊಡಗಿದಳು. ಕೊಳವೆಬಾವಿಯಲ್ಲಿ ಫ್ಲೋರೈಡ್ ಬೆರೆತ ನೀರು ಬರುವ ಸೀಮೆಯಲ್ಲಿ ಬಾಳಿದವಳು, ಎರಡು ಮೈಲಿ ದೂರದಿಂದ ಕೊಡ ಹೊತ್ತು ತಂದವಳು, ಯಾವ ಊರಿನ ಬಗೆಗಾದರೂ ಮೊದಲು ಕೇಳುವುದು ಈ ಪ್ರಶ್ನೆಯನ್ನೇ.

ಅವ್ವನ ಮೊಣಕಾಲು ಹಡಗು ವಿಮಾನಗಳಿಗೆ ಒಪ್ಪುವಂತಿರಲಿಲ್ಲ. ಹಾಗಾಗಿ ಹತ್ತಿರದ ದ್ವೀಪಗಳತ್ತ ಮಾತು ತಿರುಗಿತು. ಮಲ್ಪೆಯ ಎದುರಿಗಿರುವ ಸೇಂಟ್ ಮೇರಿಸ್ ದ್ವೀಪದಲ್ಲಿ ಲಾವಾರಸ ಆರಿ ಕಂಬಕಂಬವಾಗಿ ನಿಂತ ಬಂಡೆಗಳಿವೆ. ಭಾರತ, ಮಡಗಾಸ್ಕರುಗಳು ಒಂದೇ ನೆಲವಾಗಿದ್ದು ಬೇರ್ಪಟ್ಟ ಕಾಲದವು ಅವು ಎನ್ನುತ್ತಾರೆ ಭೂವಿಜ್ಞಾನಿಗಳು. ಆದರೆ ಅಲ್ಲಿ ಹಗಲು ಹೋಗಿ ಹಗಲೇ ಮರಳಬೇಕು. ಆಗ ನಾನೇ ಹೇಳಿದೆ: “ದ್ವೀಪವೇ ಬೇಕಾದರೆ ನಮ್ಮ ಗಂಗಾವತಿ ತಾಲ್ಲೂಕಿನಲ್ಲೇ ಇದೆಯಲ್ಲ.”

ದ್ವೀಪವೆಂಬ ಸಂಸ್ಕೃತದ ಮಾತಿಗೆ ನಮ್ಮಲ್ಲಿ ನಡುಗಡ್ಡೆ ಎಂಬ ಚೆಲುವಾದ ಮಾತಿದೆ. ತುಂಗಭದ್ರೆಯ ದಂಡೆಯವರು ಅದನ್ನು ಇನ್ನೂ ಚಿಕ್ಕದು ಮಾಡಿ ‘ಗಡ್ಡಿ’ ಎನ್ನುತ್ತಾರೆ. ವಿರೂಪಾಪುರ ಗಡ್ಡಿ ಅಂಥದೊಂದು. ಹಂಪೆಯ ವಿರೂಪಾಕ್ಷ ಗುಡಿಯ ಬಳಿ ಹೊಳೆಯ ದಂಡೆಗೆ ಇಳಿದು ನಿಂತರೆ ಆಚೆ ಕಾಣುವ ಹಸಿರು ನೆಲವೇ ಅದು. ಹಂಪೆ ಇರುವುದು ವಿಜಯನಗರ ಜಿಲ್ಲೆಯಲ್ಲಿ. ಹೊಳೆ ದಾಟಿದೊಡನೆ ಕೊಪ್ಪಳ ಜಿಲ್ಲೆ. ಹೊಳೆಯು ಇಬ್ಭಾಗವಾಗಿ ಹರಿದು ತತ್ತಿಯ ಆಕಾರದ ಈ ನೆಲವನ್ನು ಬಳಸಿಕೊಂಡಿದೆ. ಭತ್ತದ ಗದ್ದೆ, ತೆಂಗು, ಬಾಳೆ, ಅವುಗಳ ಹಿಂದೆ ಒಂದರ ಮೇಲೊಂದು ಕುಳಿತ ಹೆಬ್ಬಂಡೆಗಳು. ವಿಜಯನಗರದ ಕಾಲದಲ್ಲಿ ಹೊಳೆಯ ಕವಲಿನ ಮೇಲೆ ಕಲ್ಲಿನ ಕಂಬಗಳನ್ನು ನಿಲ್ಲಿಸಿ ನೀರು ಹಾಯಿಸುತ್ತಿದ್ದ ಮೇಲ್ಗಾಲುವೆಯ ಅವಶೇಷವೂ ಅಲ್ಲಿದೆ.

ಈ ಗಡ್ಡಿಯ ಹೆಸರು ಹೊರದೇಶದವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಅದನ್ನು ‘ಹಿಪ್ಪಿ ದ್ವೀಪ’ ಎಂದು ಕರೆಯುತ್ತಿದ್ದರು. ಹಂಪೆ ನೋಡಲು ಬಂದವರು ಹೊಳೆ ದಾಟಿ, ಹುಲ್ಲು ಹೊದಿಸಿದ ಗುಡಿಸಲುಗಳಲ್ಲಿ ವಾರಗಟ್ಟಲೆ ತಂಗುತ್ತಿದ್ದರು. ಬರಬರುತ್ತ ಗುಡಿಸಲುಗಳು ರೆಸಾರ್ಟುಗಳಾದವು. ಸಿಮೆಂಟಿನ ಗೋಡೆಗಳು ಬಂದವು. ಹಂಪೆಯ ಸ್ಮಾರಕಗಳನ್ನು 1986ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಅವುಗಳ ಸುತ್ತಲಿನ ಪ್ರದೇಶದ ರಕ್ಷಣೆಗಾಗಿ 2002ರ ಕಾಯಿದೆಯ ಮೇರೆಗೆ ಒಂದು ಪ್ರಾಧಿಕಾರವೂ ಏರ್ಪಟ್ಟಿತ್ತು. ಗಡ್ಡಿಯೂ ಆ ರಕ್ಷಿತ ಪ್ರದೇಶಕ್ಕೆ ಸೇರಿದ್ದು ಹೌದೋ ಅಲ್ಲವೋ ಎಂಬ ವ್ಯಾಜ್ಯ ವರ್ಷಾನುಗಟ್ಟಲೆ ನಡೆಯಿತು. ಸೇರಿದ್ದೇ ಹೌದು, ಅಲ್ಲಿನ ರೆಸಾರ್ಟುಗಳು ಕಾಯಿದೆಗೆ ವಿರುದ್ಧ ಎಂದು 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಯಂತ್ರಗಳು ಬಂದು ಅವನ್ನೆಲ್ಲ ಕೆಡವಿದವು.

ನಾನು ಆ ಗಡ್ಡಿಯನ್ನು ಅದಕ್ಕೆ ಮೊದಲೂ ಕಂಡಿದ್ದೇನೆ, ಅನಂತರವೂ ಕಂಡಿದ್ದೇನೆ. ಮೊದಲು ಹೋದಾಗ ಸಂಜೆಯ ಹೊತ್ತಿನಲ್ಲಿ ಗದ್ದೆಯ ಅಂಚಿನ ಅಂಗಡಿಗಳಲ್ಲಿ ದೀಪ ಹೊತ್ತಿ, ಯಾವ ಯಾವುದೋ ಭಾಷೆಯ ಹಾಡುಗಳು ಕೇಳಿಬರುತ್ತಿದ್ದವು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಹುಡುಗನೊಬ್ಬನು ಇಸ್ರೇಲಿನವರೊಡನೆ ಅವರ ಹೀಬ್ರೂ ಭಾಷೆಯಲ್ಲಿಯೇ ಚೌಕಾಸಿ ಮಾಡುತ್ತಿದ್ದನು. ಎರಡನೆಯ ಸಲ ಹೋದಾಗ ಗೋಡೆಗಳ ತಳಗಟ್ಟುಗಳಷ್ಟೇ ಉಳಿದು, ಅವುಗಳ ನಡುವೆ ಎಕ್ಕದ ಗಿಡಗಳು ಎದ್ದಿದ್ದವು. ಕೆಡವಿದ್ದು ಸರಿಯೋ ತಪ್ಪೋ ಎಂದು ಮಕ್ಕಳು ನನ್ನನ್ನು ಕೇಳಿದರು. ಕೆಡವಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ಗುಡಿಸಲನ್ನು ಇನ್ನೊಂದು ಕಡೆ ಕಟ್ಟಿಕೊಳ್ಳಬಹುದು. ಆರು ನೂರು ವರ್ಷದ ಹಿಂದಿನ ಕಲ್ಲುಕಾಲುವೆಯನ್ನು ಕಟ್ಟಿಕೊಡುವವರಿಲ್ಲ. ಆದರೆ ಹಾಸಿಗೆ ಒಗೆದು, ಕಸ ಗುಡಿಸಿ, ಹೊರೆ ಹೊತ್ತು ಹೊಟ್ಟೆ ಹೊರೆಯುತ್ತಿದ್ದವರ ಹೆಸರು ಆ ವ್ಯಾಜ್ಯದ ಯಾವ ಕಾಗದದಲ್ಲಿಯೂ ಇದ್ದಿರಲಾರದು. ಕೆಲಸ ಹೋದುದು ಮೊದಲು ಅವರದು. ಅದಾಗಿ ಮೂರು ವಾರಗಳೊಳಗೆ ಕೊರೋನದ ಬಾಗಿಲುಮುಚ್ಚುವಿಕೆಯೂ ಬಂದಿತು. ಇದನ್ನು ಹೇಳದೆ ಬರಿಯ ಸರಿ ಎಂದಷ್ಟೇ ಹೇಳಿದರೆ ನನ್ನ ಉತ್ತರ ಅರ್ಧವಾಗುತ್ತದೆ.

ಗಡ್ಡಿಯಲ್ಲಿ ರಾತ್ರಿ ಕಳೆಯುವ ಮಾತಂತೂ ಹೋಯಿತು. ಹೊಳೆಯ ದೃಷ್ಟಿಯಿಂದಲೂ ಅದೇ ಮೇಲು. 2019ರ ಆಗಸ್ಟ್ ತಿಂಗಳಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಗಡ್ಡಿಯ ದಾರಿಗಳೆಲ್ಲ ಮುಚ್ಚಿ, ನೂರಾರು ಪ್ರವಾಸಿಗರು ಅಲ್ಲಿಯೇ ಸಿಕ್ಕಿಬಿದ್ದರು. ದೋಣಿ, ಹೆಲಿಕಾಪ್ಟರುಗಳಲ್ಲಿ ಅವರನ್ನು ಪಾರುಮಾಡಬೇಕಾಯಿತು. ದ್ವೀಪದ ಸುಖವನ್ನು ಬಯಸುವವರು ದ್ವೀಪವೆಂದರೆ ಸುತ್ತಲೂ ನೀರು ಎಂಬುದನ್ನು ಮರೆಯುತ್ತಾರೆ.

ತಂಗುವುದಕ್ಕೆ ಆನೆಗೊಂದಿಯಲ್ಲಿ ಒಂದು ಮನೆಯನ್ನು ಗೊತ್ತುಮಾಡಬೇಕೆಂದಾಯಿತು. ಅಲ್ಲಿಂದ ಇನ್ನೊಂದು ನಡುಗಡ್ಡೆಗೆ ಹೋಗಬಹುದು, ಅದು ನವವೃಂದಾವನ. ವ್ಯಾಸರಾಯರೂ ಸೇರಿ ಒಂಬತ್ತು ಮಂದಿ ಮಾಧ್ವ ಯತಿಗಳ ವೃಂದಾವನಗಳು ಅಲ್ಲಿವೆ. ಪುರಂದರದಾಸರಿಗೂ ಕನಕದಾಸರಿಗೂ ಗುರುಗಳಾದವರು ಮಲಗಿರುವ ಆ ನೆಲದಲ್ಲಿ ಗದ್ದಲವಿಲ್ಲ, ಅಂಗಡಿಯಿಲ್ಲ. ಹೋಗುವುದು ದೋಣಿಯಲ್ಲಿ. ದೋಣಿಗಿಂತ ಹರಿಗೋಲು ನನಗೆ ಮೆಚ್ಚು. ಬಿದಿರಿನ ಬುಟ್ಟಿ ಹೆಣೆದು, ಮೇಲೆ ತೊಗಲು ಹೊದಿಸುತ್ತಿದ್ದುದು ಹಿಂದಿನ ಪದ್ಧತಿ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟುವ ಈ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಅವು ನೆಟ್ಟಗೆ ಹೋಗದೆ ಗಿರಗಿರ ಸುತ್ತುತ್ತಲೇ ಸಾಗುತ್ತವೆಂಬುದು ಅವನಿಗೂ ವಿಚಿತ್ರವಾಗಿ ತೋರಿತ್ತು. ಐದು ನೂರು ವರ್ಷಗಳಾದರೂ ಅವು ನೆಟ್ಟಗೆ ಹೋಗಲು ಕಲಿತಿಲ್ಲ. ಆನೆಗೊಂದಿಯ ಬಳಿ ಹೊಳೆಗೆ ಕಟ್ಟುತ್ತಿದ್ದ ಸೇತುವೆಯೊಂದು 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತುದನ್ನು ಅಲ್ಲಿನವರು ಇನ್ನೂ ನೆನೆಯುತ್ತಾರೆ.

ಇಷ್ಟೆಲ್ಲ ಗೊತ್ತಾಗಿ, ಸಂಕ್ರಾಂತಿಯ ಆಚೀಚೆ ಹೊರಡುವುದೆಂದು ನಾವು ನಿಶ್ಚಯಿಸುವುದರಲ್ಲಿದ್ದಾಗ ಅವ್ವ ಹೇಳಿದಳು: “ನಡುಗಡ್ಡಿ ನಾನೂ ಒಂದು ಬಲ್ಲೆ. ನಮ್ಮ ತವರೂರ ಗುಡ್ಡ.”

ಅವಳ ತವರೂರು ಈಗ ಇಲ್ಲ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ಜಲಾಶಯ ತುಂಬಿತು. 378 ಚದರ ಕಿಲೋಮೀಟರು ಹರಡುವ ಆ ನೀರಿನಲ್ಲಿ ಹತ್ತಾರು ಹಳ್ಳಿಗಳು ಮುಳುಗಿದವು. ಅವ್ವನ ಊರೂ ಒಂದು. ಗಂಗಾವತಿಯ ಸೀಮೆ ಭತ್ತದ ಕಣಜವಾದುದು ಆ ನೀರಿನಿಂದಲೇ. ಅಕ್ಕಿ ಉಣ್ಣುವಾಗ ಅವ್ವ ಒಮ್ಮೊಮ್ಮೆ, “ಇದು ನಮ್ಮೂರ ಅಕ್ಕಿ” ಎನ್ನುತ್ತಾಳೆ. ಆ ಊರಿನಲ್ಲಿ ಬೆಳೆಯುತ್ತಿದ್ದುದು ಮಾತ್ರ ಜೋಳ. ಆಗ ಅವಳಿಗೆ ಆರೇಳು ವರ್ಷ. ಚಕ್ಕಡಿಯಲ್ಲಿ ಬೀಸುಕಲ್ಲು, ಒನಕೆ, ಬಾಗಿಲಿನ ಚೌಕಟ್ಟುಗಳನ್ನು ಹೇರಿಕೊಂಡು ಹೊರಟುದು ಅವಳಿಗೆ ನೆನಪಿದೆ. ಊರ ಹಿಂದಿನ ಗುಡ್ಡ ಮಾತ್ರ ಪೂರಾ ಮುಳುಗಲಿಲ್ಲ. ಹಿನ್ನೀರಿನ ನಡುವೆ ತಲೆಯೆತ್ತಿ ನಿಂತಿದೆ. ಆಡು ಕಾಯಲು ಹೋಗುತ್ತಿದ್ದ ಆ ಗುಡ್ಡವನ್ನು ಅವಳು ಮತ್ತೆ ನೋಡಿಲ್ಲ. ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದರೆ, “ನೀವು ಕೇಳಿರಲಿಲ್ಲ” ಎಂದಳು.

ಮತ್ತೆ ಲೆಕ್ಕ ಹಾಕಬೇಕಾಯಿತು. ಸಂಕ್ರಾಂತಿಯ ಹೊತ್ತಿಗೆ ಹೋದರೆ ಹವೆ ತಂಪು, ಪ್ರವಾಸಕ್ಕೆ ಹಿತ. ಆದರೆ ಹಿನ್ನೀರು ಇನ್ನೂ ಹರಡಿಕೊಂಡಿರುತ್ತದೆ. ದಂಡೆಯಲ್ಲಿ ನಿಂತು ಗುಡ್ಡವನ್ನು ದೂರದಿಂದ ತೋರಿಸಿ ಬರಬಹುದು, ಅಷ್ಟೆ. ಬೆಳೆಗಳಿಗೆ ನೀರು ಹರಿದು ಜಲಾಶಯ ಇಳಿಯುವುದು ಬೇಸಿಗೆಯಲ್ಲಿ. ಮಳೆ ಕಡಿಮೆಯಾದ ವರ್ಷಗಳಲ್ಲಿ ಮುಳುಗಿದ ಗುಡಿಗಳ ಕಲ್ಲುಗಳು, ಮನೆಗಳ ತಳಪಾಯಗಳು ಹೊರಗೆ ಕಾಣುತ್ತವೆ. ಹೂಳಿನ ಸಂಗತಿಯನ್ನೂ ಮರೆಯುವಂತಿಲ್ಲ: 133 ಟಿಎಂಸಿ ನೀರು ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ. ಅವ್ವನ ಊರಿನ ಮೇಲೆ ಎಷ್ಟು ಮಣ್ಣು ಕುಳಿತಿದೆಯೋ ಹೋಗಿ ನೋಡಿದರೇ ತಿಳಿಯಬೇಕು. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜೆಯೂ ಇರುತ್ತದೆ. ಆದರೆ ಆಗ ನೀರು ಹಿಂದೆ ಸರಿದು ಗುಡ್ಡಕ್ಕೂ ದಂಡೆಗೂ ನಡುವೆ ನೆಲ ತೇಲಿಬಿಡಬಹುದು.

“ಹಾಗಾದರೆ ಅದು ದ್ವೀಪವೇ ಅಲ್ಲವಲ್ಲ, ದೊಡ್ಡಪ್ಪಾ!” ಎಂದು ಹುಡುಗ ಪೆಚ್ಚಾದನು. ಅಲ್ಲ ನಿಜ. ಆದರೆ ಅದು ದ್ವೀಪವಾಗಿ ಉಳಿಯದ ದಿನಗಳಲ್ಲಿ ಮಾತ್ರ ಅವ್ವ ಅಲ್ಲಿಗೆ ನಡೆದುಹೋಗಬಲ್ಲಳು. ಅವನು ಸ್ವಲ್ಪ ಹೊತ್ತು ಯೋಚಿಸಿ, ಬರುವ ವರ್ಷ ಅಂಡಮಾನಿಗೆ ಕರೆದೊಯ್ಯುವುದಾಗಿ ತನ್ನ ತಂದೆಯಿಂದ ಮಾತು ತೆಗೆದುಕೊಂಡು ಒಪ್ಪಿದನು.

ಈಗ ಏಪ್ರಿಲ್ ಎರಡನೆಯ ವಾರವೆಂದು ಗೊತ್ತಾಗಿದೆ. ಎರಡು ದಿನ ಆನೆಗೊಂದಿ. ಬೆಳಗಿನ ತಂಪಿನಲ್ಲಿ ನವವೃಂದಾವನ ಮತ್ತು ಗಡ್ಡಿ, ಬಿಸಿಲೇರುವುದರೊಳಗೆ ಮರಳಿ ಮನೆಗೆ. ಮೂರನೆಯ ದಿನ ಹಿನ್ನೀರು. ಹಸಿ ಹೂಳಿನಲ್ಲಿ ಕಾಲು ಹೂತುಹೋಗುವ ಭಯವಿರುವುದರಿಂದ ಆ ದಂಡೆಯ ಮೀನುಗಾರನೊಬ್ಬನನ್ನು ದಾರಿ ತೋರಿಸಲು ಕೇಳಿಕೊಂಡಿದ್ದೇವೆ. ಕಟಕ ರೊಟ್ಟಿ, ಗುರೆಳ್ಳು ಪುಡಿ, ಶೇಂಗಾ ಚಟ್ನಿಗಳ ಹೊಣೆ ಅವ್ವನದು. ನೀರಿನ ಕೊಡ ಎರಡು ಸಾಲವು, ಮೂರು ಬೇಕೆಂದು ಹೇಳಿದ್ದಾಳೆ. ಮೊನ್ನೆ ಮೊಮ್ಮಗನ ಕೈಗೆ ಕಾಗದ ಕೊಟ್ಟು, ಅಗಸಿ ಎಲ್ಲಿ, ಹನುಮಪ್ಪನ ಗುಡಿ ಎಲ್ಲಿ, ಬಾವಿಗೆ ಎಷ್ಟು ಮೆಟ್ಟಿಲು, ತಮ್ಮ ಮನೆಯ ಕಟ್ಟೆ ಯಾವ ಕಡೆಗೆ ಎಂದು ಹೇಳಿ ಬರೆಸುತ್ತಿದ್ದಳು. ಅವನು ಅದನ್ನು ಭೂಪಟದಂತೆಯೇ ಬರೆದು, ಮೇಲೊಂದು ಬಾಣ ಹಾಕಿ ಉತ್ತರ ದಿಕ್ಕನ್ನೂ ಗುರುತಿಸಿದ್ದಾನೆ.