ಕಡೆಯ ಸಾಲಿನ ಕೆಲಸ

ಉದ್ಯಮಬಾಗದ ಆ ವರ್ಕ್‌ಶಾಪಿಗೆ ಮೊದಲ ಸಲ ಹೋದಾಗ ಮಾಲೀಕರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. “ಈ ಮಷಿನ್ ತಗೊಂಡ್ರ ಎಷ್ಟ್ ಮಂದಿ ಕಡಿಮಿ ಆಗ್ತಾರ್ರೀ ಮೇಡಂ?”

ಮಷಿನ್ ಅಂದರೆ ವೈಬ್ರೇಟರಿ ಟಂಬ್ಲರ್. ನನ್ನ ಪಿಎಚ್‌ಡಿ ಅದರ ಮೇಲೆಯೇ. ನೋಡಲು ದೊಡ್ಡ ಬೋಗುಣಿ. ಒಳಗೆ ಪಾಲಿಯುರೆಥೇನ್ ಪದರ, ಕೆಳಗೆ ಸ್ಪ್ರಿಂಗುಗಳು, ನಡುವೆ ನೆಟ್ಟಗೆ ನಿಂತ ಮೋಟರು. ಮೋಟರಿನ ಎರಡೂ ತುದಿಗೆ ಒಂದೇ ಮಗ್ಗುಲಿಗೆ ಭಾರವಾದ ತೂಕಗಳಿರುತ್ತವೆ. ಅದು ತಿರುಗಿದರೆ ಬೋಗುಣಿ ನಡುಗುತ್ತದೆ. ಒಳಗೆ ಹಾಕಿದ ಸಿರಾಮಿಕ್ ಚಿಪ್ಪುಗಳು, ಲೋಹದ ಭಾಗಗಳು, ಸೋಪಿನಂಥ ದ್ರಾವಣ ಎಲ್ಲ ಸೇರಿ ಹಗ್ಗ ಹೊಸೆದಂತೆ ಸುರುಳಿ ಸುತ್ತುತ್ತ ಓಡುತ್ತವೆ. ಒಂದು ಪಾಲು ಲೋಹಕ್ಕೆ ಮೂರು ಪಾಲು ಚಿಪ್ಪು ಎನ್ನುವುದು ಸಾಮಾನ್ಯ ಲೆಕ್ಕ. ಚಿಪ್ಪು ಅಂಚನ್ನು ಉಜ್ಜುತ್ತ ಹೋದ ಹಾಗೆ ಬರ್ರು ಸವೆದು ಹೋಗುತ್ತದೆ.

ಬರ್ರು ಅಂದರೆ ಲೋಹ ಕೊರೆದಾಗ ಅಂಚಿನಲ್ಲಿ ಉಳಿಯುವ ಮುಳ್ಳು. ಡ್ರಿಲ್ ಇನ್ನೇನು ಆಚೆ ಬರಬೇಕು ಅನ್ನುವಾಗ ಕೊನೆಯ ತೆಳು ಪದರವನ್ನು ಅದು ಕತ್ತರಿಸುವುದಿಲ್ಲ, ಹೊರಗೆ ನೂಕಿಬಿಡುತ್ತದೆ. ಹಾಗೆ ನೂಕಿದ್ದು ಅಲ್ಲೇ ಮಡಚಿಕೊಂಡು ನಿಲ್ಲುತ್ತದೆ. ಬೆಳಗಾವಿಯಲ್ಲಿ ಈ ಮುಳ್ಳಿಗೆ ಬಹಳ ಮಹತ್ವ. ಎರಕದ ಕೆಲಸದ ಜೊತೆ ಹೈಡ್ರಾಲಿಕ್ ವಾಲ್ವುಗಳಿಗೂ ಈ ಊರು ಹೆಸರಾದದ್ದು. ವಾಲ್ವಿನ ಒಳಗೆ ಓಡಾಡುವ ಸ್ಪೂಲಿಗೂ ಅದರ ರಂಧ್ರಕ್ಕೂ ನಡುವೆ ಇರುವ ಜಾಗ ಕೆಲವೇ ಮೈಕ್ರಾನು, ಕೂದಲೆಳೆಗಿಂತ ಎಷ್ಟೋ ಕಡಿಮೆ. ಎಣ್ಣೆಯ ಒತ್ತಡಕ್ಕೆ ಒಂದು ಬರ್ರು ಕಿತ್ತು ಅಲ್ಲಿಗೆ ಬಂದು ಸಿಕ್ಕಿಕೊಂಡರೆ ಸ್ಪೂಲು ಜಾಮ್. ನಿಲ್ಲಬೇಕಾದ ಪ್ರೆಸ್ಸು ನಿಲ್ಲುವುದಿಲ್ಲ. ಅದರ ಕೆಳಗೆ ಯಾರದೋ ಕೈ ಇರಬಹುದು.

ಆ ವರ್ಕ್‌ಶಾಪಿನಲ್ಲಿ ಈ ಮುಳ್ಳು ತೆಗೆಯಲು ಎಂಟು ಮಂದಿ ಹೆಂಗಸರಿದ್ದರು. ಹಾಜರಿ ಪುಸ್ತಕದಲ್ಲಿ ಎಲ್ಲರೂ ‘ಹೆಲ್ಪರ್’. ಅವರಲ್ಲಿ ಹಿರಿಯರು ಖಾನಾಪುರದಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದ ಒಬ್ಬರು. ಎಲ್ಲರಿಗೂ ಅವರು ಮೌಶಿ, ನನಗೂ. ಮೊದಲ ವಾರ ನನ್ನನ್ನು ಮೇಡಂ ಅಂದರು, ಆಮೇಲೆ ಬಾಳಾ ಅನ್ನತೊಡಗಿದರು.

ಮೌಶಿಯ ಮುಂದೆ ಒಂದು ಟೇಬಲ್ ಲ್ಯಾಂಪು, ನಾಲ್ಕು ಕಾನಸು, ತುದಿ ಬಾಗಿಸಿದ ಒಂದು ಉಕ್ಕಿನ ಕಡ್ಡಿ, ಮತ್ತೆ ಕಿವಿಗೆ ಹಾಕುವ ಹತ್ತಿಕಡ್ಡಿಗಳ ಡಬ್ಬಿ. ಹತ್ತಿಕಡ್ಡಿ ಯಾಕೆ ಅಂತ ಕೇಳಿದೆ. ಒಂದು ರಂಧ್ರದೊಳಗೆ ಹಾಕಿ ತಿರುಗಿಸಿ ತೆಗೆದು ತೋರಿಸಿದರು. ಹತ್ತಿಯ ಒಂದು ಎಳೆ ಒಳಗೇ ಸಿಕ್ಕಿಕೊಂಡಿತ್ತು. “ಕಣ್ಣಿಗೆ ಕಾಣೂದಿಲ್ಲ ಬಾಳಾ. ಹತ್ತಿಗೆ ಗೊತ್ತಾಕ್ಕತಿ.”

ಬಾಡಿಗೆಗೆ ತರಿಸಿದ ಮಷಿನ್ ಬಂತು. ಮೊದಲು ಬ್ರಾಕೆಟ್ಟುಗಳನ್ನು ಹಾಕಿದೆ. ಒಂದು ತಾಸಿನೊಳಗೆ ನೂರಾರು ಬ್ರಾಕೆಟ್ಟುಗಳ ಅಂಚು ಒಂದೇ ಸಮ ನುಣುಪಾಗಿ ಹೊರಬಂದವು. ಮಾಲೀಕರು ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆಚೆ ಟೇಬಲ್ಲುಗಳಲ್ಲಿ ಕಾನಸಿನ ಸದ್ದು ನಿಂತಿತ್ತು. ಯಾರೂ ನನ್ನ ಕಡೆ ನೋಡಲಿಲ್ಲ.

ಆ ಗೆಲುವಿನ ಹುರುಪಿನಲ್ಲಿ ಮರುದಿನ ಸ್ಪೂಲುಗಳನ್ನೂ ಹಾಕಿದೆ. ಹೊಳಪು ಇನ್ನಷ್ಟು ಬರಲಿ ಅಂತ ಹೆಚ್ಚು ಹೊತ್ತು ಬಿಟ್ಟೆ. ಹೊರಗೆ ತೆಗೆದಾಗ ಬೆಳ್ಳಿಯ ಹಾಗೆ ಮಿಂಚುತ್ತಿದ್ದವು. ಮೌಶಿ ಒಂದನ್ನು ಎತ್ತಿಕೊಂಡು ಅದರ ಅಂಚಿಗೆ ಉಗುರು ತಾಗಿಸಿದರು. ಉಗುರು ನಿಲ್ಲದೆ ಜಾರಿತು. “ಇದು ಸತ್ತಿತು” ಅಂದರು.

ಅವರು ಅಂದದ್ದು ನಿಜವಾಗಿತ್ತು. ಸ್ಪೂಲಿನ ಅಂಚಿಗೆ ಬರ್ರು ಇರಬಾರದು, ಆದರೆ ಅಂಚು ಚೂಪಾಗಿಯೇ ಇರಬೇಕು. ಎಣ್ಣೆ ಎಷ್ಟು ಹರಿಯಬೇಕು ಅಂತ ಅಳೆಯುವುದೇ ಆ ಅಂಚು. ಅದು ದುಂಡಾದರೆ ಅಳತೆ ತಪ್ಪುತ್ತದೆ, ಕಸವೂ ಬೆಣೆಯ ಹಾಗೆ ಒಳಗೆ ನುಗ್ಗುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಇಡೀ ಬ್ಯಾಚು ಗುಜರಿಗೆ ಹೋಯಿತು. ತಪ್ಪು ಮಷಿನ್ನಿನದಲ್ಲ, ನನ್ನದು.

ಮುಂದಿನ ಭಾನುವಾರ ಮೌಶಿ ಊಟಕ್ಕೆ ಕರೆದರು. ಖಾನಾಪುರ ಬೆಳಗಾವಿಯಿಂದ ಒಂದು ತಾಸಿನೊಳಗಿನ ದಾರಿ. ಮಣ್ಣಿಗೆ, ಮಡಕೆಗೆ, ಹೆಂಚಿಗೆ ಹೆಸರಾದ ಊರು. ಕುಂಬಾರಿಕೆ ಕಲಿಸುವ ಸರ್ಕಾರಿ ಸಂಸ್ಥೆಯೂ ಅಲ್ಲಿದೆ. ನಾನು ಬ್ಯಾಗಿನಲ್ಲಿದ್ದ ಒಂದು ತ್ರಿಕೋನದ ಚಿಪ್ಪು ತೆಗೆದು ಮೌಶಿಯ ಅತ್ತೆಯ ಕೈಗೆ ಕೊಟ್ಟೆ. ಜೇಡಿಮಣ್ಣಿಗೆ ಗಟ್ಟಿ ಹರಳಿನ ಪುಡಿ ಬೆರೆಸಿ ಸುಟ್ಟದ್ದು ಅಂತ ಹೇಳಿದೆ. ಮುದುಕಿ ಅದನ್ನು ನೆಲಕ್ಕೆ ಉಜ್ಜಿ ನೋಡಿ, “ಮಡಕೀಗಿ ಕಲ್ಲಿಂದ ಮೆರಗ ಕೊಡ್ತೀವಿ, ನೀವು ಮಡಕಿ ಚೂರಿಂದ ಕಬ್ಬಿಣಕ್ಕ ಕೊಡ್ತೀರಿ” ಅಂತ ನಕ್ಕಳು.

ಸಂಜೆ ಮಲಪ್ರಭೆಯ ದಂಡೆಗೆ ಹೋದೆವು. ಇದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಇಲ್ಲಿಗೆ ಬರುವಷ್ಟರಲ್ಲಿ ಆ ನದಿ ಕಲ್ಲುಗಳನ್ನು ಉರುಳಿಸಿ ದುಂಡಗೆ ಮಾಡಿರುತ್ತದೆ. ನೀರು, ಮರಳು, ಉರುಳಾಟ: ನನ್ನ ಬೋಗುಣಿಯಲ್ಲಿ ಇರುವುದೂ ಇಷ್ಟೇ. ಒಂದು ಕಲ್ಲು ಎತ್ತಿ ಮೌಶಿಗೆ ಹಾಗಂತ ಹೇಳಿದೆ. ಅವರು ಅದನ್ನು ತಿರುಗಿಸಿ ನೋಡಿ, “ಹೊಳಿಗೆ ಯಾವ ಅಂಚು ಬೇಕು, ಯಾವುದು ಬ್ಯಾಡ ಅಂತ ಗೊತ್ತಾಗೂದಿಲ್ಲಲ್ಲ” ಅಂದರು. ನನ್ನ ಗುಜರಿಯ ಬ್ಯಾಚು ನೆನಪಾಗಿ ನಾನು ಸುಮ್ಮನಾದೆ.

ಮಷಿನ್ನಿಗೆ ಗೊತ್ತಾಗದ್ದು ಇನ್ನೊಂದಿತ್ತು. ಮ್ಯಾನಿಫೋಲ್ಡ್ ಬ್ಲಾಕಿನೊಳಗೆ ಎಣ್ಣೆಯ ದಾರಿಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಅವು ಸೇರುವ ಕತ್ತಲೆಯ ಮೂಲೆಯಲ್ಲೇ ಅತಿ ಅಪಾಯದ ಬರ್ರು ಇರುವುದು. ಚಿಪ್ಪು ದೊಡ್ಡದಾದರೆ ಅಲ್ಲಿಗೆ ಹೋಗುವುದಿಲ್ಲ. ಸಣ್ಣದಾದರೆ ಹೋಗಿ ಸಿಕ್ಕಿಕೊಳ್ಳುತ್ತದೆ, ಆಗ ಬರ್ರಿನ ಜೊತೆ ಚಿಪ್ಪನ್ನೂ ತೆಗೆಯಬೇಕು. ಮಷಿನ್ನಿನಿಂದ ಹೊರಬಂದ ಹತ್ತು ಬ್ಲಾಕುಗಳಿಗೆ ಮೌಶಿಯ ಹತ್ತಿಕಡ್ಡಿ ಹಾಕಿ ನೋಡಿದೆ. ಹೊರಗೆ ಹತ್ತೂ ಕನ್ನಡಿ. ಒಳಗೆ ಹತ್ತರಲ್ಲೂ ಎಳೆ ಸಿಕ್ಕಿತು.

ವರದಿ ಬರೆಯಲು ಕೂತಾಗ ಬ್ಲಾಕಿನ ಡ್ರಾಯಿಂಗು ತೆರೆದೆ. ಪ್ರತಿಯೊಂದು ರಂಧ್ರಕ್ಕೂ ಅಳತೆ, ಪ್ರತಿ ಅಳತೆಗೂ ಮೈಕ್ರಾನಿನ ಮಿತಿ. ಕೆಳಗೆ ಮೂಲೆಯಲ್ಲಿ, ಟಿಪ್ಪಣಿಗಳ ಕಡೆಯ ಸಾಲು: ಎಲ್ಲ ಬರ್ರು ಮತ್ತು ಚೂಪು ಅಂಚು ತೆಗೆಯಿರಿ. ಎಷ್ಟು, ಎಲ್ಲಿ, ಯಾವುದನ್ನು ಬಿಟ್ಟು, ಏನೂ ಇಲ್ಲ. ಕಾಲೇಜಿನಲ್ಲಿ ಈ ಸಾಲನ್ನು ನಾನೇ ಎಷ್ಟೋ ಸಲ ಯೋಚಿಸದೆ ಬರೆದಿದ್ದೆ. ಅಂಚು ಹೇಗಿರಬೇಕು ಅಂತ ಡ್ರಾಯಿಂಗಿನಲ್ಲೇ ಗುರುತು ಹಾಕಲು ಐಎಸ್ಒ 13715 ಎನ್ನುವ ಮಾನದಂಡವೇ ಇದೆ. ಅದು ಆ ಡ್ರಾಯಿಂಗಿನಲ್ಲಿರಲಿಲ್ಲ. ಪ್ರೊಸೆಸ್ ಶೀಟಿನಲ್ಲೂ ಡ್ರಿಲ್ಲಿಂಗಿಗೆ ಇಷ್ಟು ನಿಮಿಷ, ಹೋನಿಂಗಿಗೆ ಇಷ್ಟು ನಿಮಿಷ ಅಂತ ಇತ್ತು, ಮೌಶಿಯ ಕೆಲಸಕ್ಕೆ ಒಂದು ಸಾಲೂ ಇರಲಿಲ್ಲ. ಕಾಗದದ ಮೇಲೆ ಅವರ ಕೆಲಸಕ್ಕೆ ಹಿಡಿಯುತ್ತಿದ್ದ ಹೊತ್ತು ಸೊನ್ನೆ. ಎಷ್ಟು ಮಂದಿ ಕಡಿಮೆಯಾಗುತ್ತಾರೆ ಅಂತ ಮಾಲೀಕರು ಅಷ್ಟು ಸಲೀಸಾಗಿ ಕೇಳಿದ್ದು ಅದಕ್ಕೇ ಇರಬೇಕು.

ವರದಿಯಲ್ಲಿ ಬ್ರಾಕೆಟ್ಟುಗಳು ಮಷಿನ್ನಿಗೆ ಅಂತ ಬರೆದೆ. ಸ್ಪೂಲಿನ ಅಂಚು, ಬ್ಲಾಕಿನ ಒಳದಾರಿ ಕೈಗೆ ಅಂತ ಬರೆದೆ. ಡ್ರಾಯಿಂಗಿಗೆ ಅಂಚಿನ ಗುರುತು, ಪ್ರೊಸೆಸ್ ಶೀಟಿಗೆ ಒಂದು ಹೊಸ ಸಾಲು, ಆ ಸಾಲಿಗೆ ನಿಮಿಷಗಳು, ಆ ಕೆಲಸ ಮಾಡುವವರಿಗೆ ಹೆಲ್ಪರ್ ಅಲ್ಲದ ಒಂದು ಹುದ್ದೆ ಬೇಕು ಅಂತಲೂ ಸೇರಿಸಿದೆ.

ಮಾಲೀಕರು ಮಷಿನ್ ಕೊಂಡರು. ಪ್ರೊಸೆಸ್ ಶೀಟಿಗೆ ಹೊಸ ಸಾಲು ಬಂತು. ಹುದ್ದೆಯ ಮಾತು ಮುಂದಿನ ವರ್ಷ ನೋಡೋಣ ಅಂದರು. ಎಂಟು ಮಂದಿಯಲ್ಲಿ ಐವರು ಉಳಿದರು. ಬ್ರಾಕೆಟ್ಟು ಉಜ್ಜುತ್ತಿದ್ದ ಮೂವರು ಹೋದರು. ಅವರಲ್ಲೊಬ್ಬಳು ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ಚಹಾ ಕುಡಿದ್ರೇನ್ರಿ ಮೇಡಂ ಅಂತ ಕೇಳಿದಳು. ಕೆಲಸದ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಥೀಸಿಸ್ಸಿನಲ್ಲಿ ಚಿಪ್ಪಿನ ಗಾತ್ರ, ನಡುಕದ ಎತ್ತರ, ಹೊತ್ತು ಎಲ್ಲದಕ್ಕೂ ಕೋಷ್ಟಕಗಳಿವೆ. ಆ ಮೂವರನ್ನು ಯಾವ ಕೋಷ್ಟಕದಲ್ಲಿ ಇಡಬೇಕು ಅಂತ ನನಗೆ ಇನ್ನೂ ತಿಳಿದಿಲ್ಲ.

ಹೊಸ ಪ್ರೊಸೆಸ್ ಶೀಟನ್ನು ಮೌಶಿಗೆ ಓದಿ ಹೇಳಿದೆ. ಲ್ಯಾಂಪು ಆರಿಸದೆಯೇ ಕೇಳಿಸಿಕೊಂಡರು.

“ಒಂದು ಬ್ಲಾಕಿಗೆ ಎಷ್ಟ್ ಮಿನಿಟ್ ಬರದೀ?”

“ಹನ್ನೆರಡು, ಮೌಶಿ.”

ಹತ್ತಿಕಡ್ಡಿಯನ್ನು ರಂಧ್ರದಿಂದ ಹೊರಗೆ ತೆಗೆದು ಬೆಳಕಿಗೆ ಹಿಡಿದರು. ಎಳೆ ಸಿಕ್ಕಿರಲಿಲ್ಲ.

“ಹದಿನೈದು ಬರೀಬೇಕಿತ್ತು ಬಾಳಾ” ಅಂದರು.